ಟ್ಯೂಬಿನಲ್ಲಿ ಗರ್ಭ: ಇಂಜೆಕ್ಷನ್ ಆದ ಮೇಲೆ ರಾತ್ರಿ ಬಸ್ ಬೇಡ

ಆನೇಕಲ್, ಅತ್ತಿಬೆಲೆ, ಬೊಮ್ಮಸಂದ್ರದ ಕಡೆ ಬಾಡಿಗೆ ಮನೆ ಮಾಡಿಕೊಂಡಿರುವ ನಮ್ಮವರಲ್ಲಿ ಹೆಣ್ಣುಮಕ್ಕಳಿಗೆ ಸೌಖ್ಯವಿಲ್ಲ ಎಂದಾದರೆ ಮೊದಲು ಬರುವ ಮಾತು, "ಊರಿಗೆ ಕಳಿಸಿ, ಉಮ್ಮ ನೋಡಿಕೊಳ್ಳುತ್ತಾರೆ." ಗರ್ಭ ಟ್ಯೂಬಿನಲ್ಲಿ ನಿಂತು, ಅದಕ್ಕೆ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಕೊಟ್ಟಿದ್ದರೆ ಮಾತ್ರ ಈ ಮಾತು ಕೇಳಬೇಡಿ. ಆ ಗರ್ಭ ಮಗುವಾಗಿ ಬೆಳೆಯಲು ಅಲ್ಲಿ ಎಡೆಯಿಲ್ಲ. ಬಿಟ್ಟರೆ ತಾಯಿಯ ಜೀವಕ್ಕೇ ಸಂಚಕಾರ.

ಮೊಬೈಲ್‌ನಲ್ಲಿ ಹುಡುಕಿದರೆ ಇದು ಕ್ಯಾನ್ಸರ್ ಮದ್ದು ಎಂದು ಬರುತ್ತದೆ. ಹೌದು, ಆದರೆ 1982ರಲ್ಲಿ ಜಪಾನಿನ ತನಾಕಾ ತಂಡ ಇಂಥ ಗರ್ಭಕ್ಕೂ ಬಳಸಿ ತೋರಿಸಿತು. ಹೆಚ್ಚಿನವರಿಗೆ ಒಂದೋ ಎರಡೋ ಇಂಜೆಕ್ಷನ್ ಸಾಕು.

ಜೀವಕೋಶ ಬೆಳೆಯಲು ಫೋಲಿಕ್ ಆಮ್ಲ ಬೇಕು. ಈ ಮದ್ದು ಅದರ ಕೆಲಸವನ್ನು ತಡೆಯುತ್ತದೆ. ವೇಗವಾಗಿ ಬೆಳೆಯುವ ಗರ್ಭದ ಅಂಗಾಂಶ ಸಾಯುತ್ತದೆ, ದೇಹವೇ ಅದನ್ನು ನಿಧಾನಕ್ಕೆ ಕರಗಿಸುತ್ತದೆ. ಟ್ಯೂಬಿನ ಗೋಡೆಯಿಂದ ಅದು ಬಿಡುವಾಗ ರಕ್ತ ಒಸರಿ ಹೆಪ್ಪುಗಟ್ಟುವುದುಂಟು. ಮೊದಲ ವಾರ ಹೊಟ್ಟೆನೋವು ಬರುವುದು ಇದರಿಂದಲೇ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಮೊದಲಿಗಿಂತ ದೊಡ್ಡದಾಗಿ ಕಾಣಲೂಬಹುದು. ಅಷ್ಟಕ್ಕೇ ಮದ್ದು ತಾಗಲಿಲ್ಲ ಎನ್ನಬೇಡಿ. ತಾಗಿದೆಯೋ ಎಂದು ಹೇಳುವುದು ರಕ್ತದ ಎಚ್‌ಸಿಜಿ ಪರೀಕ್ಷೆ. ಒಂದೇ ಇಂಜೆಕ್ಷನ್ ಕೊಟ್ಟವರಿಗೆ ಸಾಮಾನ್ಯವಾಗಿ 4ನೇ ದಿನ, 7ನೇ ದಿನ ಮಾಡುತ್ತಾರೆ. 4ನೇ ದಿನ ಏರಿದ್ದರೂ ಇರಲಿ, ಅಲ್ಲಿಂದ 7ನೇ ದಿನಕ್ಕೆ ಶೇ. 15ರಷ್ಟಾದರೂ ಇಳಿಯಬೇಕು. ಆಮೇಲೆ ಪೂರ್ತಿ ಇಳಿಯುವ ತನಕ ವಾರಕ್ಕೊಮ್ಮೆ ಪರೀಕ್ಷೆ. ಕೆಲವರಿಗೆ ತಿಂಗಳು ದಾಟುತ್ತದೆ.

ಎಚ್‌ಸಿಜಿ ಇಳಿಯುತ್ತಿರುವಾಗಲೂ ಟ್ಯೂಬ್ ಒಡೆಯಬಹುದು. ಶಿರಾಡಿ ಘಾಟಿಯಲ್ಲಿ ನಡುರಾತ್ರಿ ಬಸ್ಸಿನೊಳಗೆ ಹೀಗಾದರೆ ಯಾರು ಏನು ಮಾಡಿಯಾರು? ಡಾಕ್ಟರ್ ಸರಿ ಎನ್ನುವ ತನಕ ದೊಡ್ಡ ಆಸ್ಪತ್ರೆ ಹತ್ತಿರವಿರುವಲ್ಲೇ ಇರಲಿ, ಉಮ್ಮನೇ ಇಲ್ಲಿಗೆ ಬರಲಿ. ನೋವು ಜೋರಾದರೆ, ಭುಜದ ತುದಿ ನೋಯಲು ಶುರುವಾದರೆ, ತಲೆ ತಿರುಗಿದರೆ ಕೂಡಲೇ 108ಕ್ಕೆ ಫೋನ್ ಮಾಡಿ.

ಬಂದ ಉಮ್ಮನಿಗೂ ಒಂದು ಮಾತು. ಹೊಟ್ಟೆಗೆ ಎಣ್ಣೆ ಹಚ್ಚಿ ತಿಕ್ಕಬಾರದು. ಬಸುರಿಗೆಂದು ತಂದಿಟ್ಟ ಫೋಲಿಕ್ ಮಾತ್ರೆ ಕೊಟ್ಟರೆ ಇಂಜೆಕ್ಷನ್ನಿನ ಬಲ ಕುಗ್ಗುತ್ತದೆ. ಮೆಡಿಕಲ್‌ನಿಂದ ನೋವಿನ ಮಾತ್ರೆ ಕೇಳದೆ ತರಬೇಡಿ, ಐಬುಪ್ರೊಫೆನ್‌ನಂಥವು ಈ ಮದ್ದಿನೊಂದಿಗೆ ಆಗುವುದಿಲ್ಲ. ಬಾಯಿಯ, ಕರುಳಿನ ಒಳಪದರವೂ ಬೇಗ ಬೆಳೆಯುವಂಥದ್ದೇ, ಹಾಗಾಗಿ ಬಾಯಿಹುಣ್ಣು, ವಾಕರಿಕೆ ಕೆಲವರಿಗೆ ಬರುತ್ತದೆ.

ಮುಂದಿನ ಗರ್ಭಕ್ಕೆ ಸಾಮಾನ್ಯವಾಗಿ 3 ತಿಂಗಳು ಕಾಯಲು ಹೇಳುತ್ತಾರೆ. ಒಮ್ಮೆ ಟ್ಯೂಬಿನಲ್ಲಿ ನಿಂತವರಿಗೆ ಮತ್ತೆ ಹಾಗಾಗುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಮುಟ್ಟು ನಿಂತ ಕೂಡಲೇ ಹಳೆಯ ಚೀಟಿ ಹಿಡಿದು ಡಾಕ್ಟರಲ್ಲಿಗೆ ಹೋಗಿ.