ಬೈಕಿನ ಚೈನಿಗೂ ಡ್ರಿಪ್

ನನ್ನದು ಚಳ್ಳಕೆರೆ ಸೀಮೆಯ ಶೇಂಗಾ ಹೊಲ. ಊರಿಂದ ಹೊಲಕ್ಕೆ ಐದು ಕಿಲೋಮೀಟರ್ ಮಣ್ಣು ದಾರಿ. ಮೇವು, ಗೊಬ್ಬರದ ಚೀಲ ಎಲ್ಲಾ ಬೈಕಿನ ಮೇಲೇ. ಈ ಧೂಳಿನಲ್ಲಿ ಚೈನು ಬೇಗ ಒಣಗುತ್ತದೆ. ಒಣಗಿದ ಚೈನು ಸವೆದು ಜೋಲುತ್ತದೆ, ಸ್ಪ್ರಾಕೆಟ್ ಹಲ್ಲನ್ನೂ ತಿನ್ನುತ್ತದೆ. ಕೊನೆಗೆ ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಬದಲಾಯಿಸಬೇಕು.

ಎಣ್ಣೆ ಹಾಕುವುದರಲ್ಲೂ ಅಪಾಯವಿದೆ. ಮೂರು ವರ್ಷದ ಹಿಂದೆ ಪಕ್ಕದ ಹೊಲದ ಹುಡುಗ ಇಂಜಿನ್ ಗೇರಿಗೆ ಹಾಕಿ ಚಕ್ರ ತಿರುಗಿಸುತ್ತಾ ಬಟ್ಟೆಯಿಂದ ಚೈನು ಒರೆಸುತ್ತಿದ್ದ. ಬಟ್ಟೆಯ ಜೊತೆ ಬೆರಳ ತುದಿಯೂ ಹೋಯಿತು. ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದಾಗ, ಸಲೈನ್ ಹನಿ ಬೀಳುವುದು ನೋಡಿ ನನಗೆ ಈ ಉಪಾಯ ಹೊಳೆಯಿತು.

ಬೇಕಾದದ್ದು: ಮೆಡಿಕಲ್ ಅಂಗಡಿಯ ಹೊಸ ಡ್ರಿಪ್ ಸೆಟ್ (ಬಳಸಿದ್ದು ಬೇಡ), 100 ಮಿ.ಲೀ.ನ ಚಿಕ್ಕ ಸಲೈನ್ ಬಾಟಲಿ, ಗಟ್ಟಿ ತಂತಿ, 20ಡಬ್ಲ್ಯು-40 ಇಂಜಿನ್ ಆಯಿಲ್. ಸುಟ್ಟ ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ.

ಬಾಟಲಿ ಖಾಲಿ ಮಾಡಿ, ಚೆನ್ನಾಗಿ ಒಣಗಿಸಿ. ಎಡಗಡೆ ಸೈಡ್ ಕವರಿನ ಒಳಗೆ ತಲೆಕೆಳಗಾಗಿ ಕಟ್ಟಿ. ಸೈಲೆನ್ಸರ್ ಹತ್ತಿರ ಬೇಡ. ಮೇಲೆ ಬಂದ ತಳಕ್ಕೆ ಸೂಜಿಯಿಂದ ತೂತು ಮಾಡಿ. ಗಾಳಿ ಹೋಗದಿದ್ದರೆ ಎಣ್ಣೆ ಇಳಿಯುವುದಿಲ್ಲ. ಸಿರಿಂಜಿನಲ್ಲಿ ಎಣ್ಣೆ ತುಂಬುವುದೂ ಇದೇ ತೂತಿನಿಂದ. ಹನಿ ನಿಲ್ಲಿಸುವ ಗಾಲಿ ಕೈಗೆ ಸಿಗುವ ಹಾಗೆ ಹೊರಗಿರಲಿ.

ಹನಿ ಬೀಳುವ ಜಾಗವೇ ಮುಖ್ಯ. ಕೆಳಗಿನ ಚೈನು ಮುಂದಿನಿಂದ ಹಿಂದಿನ ಸ್ಪ್ರಾಕೆಟ್ಟಿಗೆ ಓಡುತ್ತದೆ. ಸ್ಪ್ರಾಕೆಟ್ಟಿಗೆ ಸೇರುವ ಸ್ವಲ್ಪ ಮೊದಲು, ಈ ಚೈನಿನ ಮೇಲ್ಮೈಗೆ ಹನಿ ಬೀಳಬೇಕು. ಆಗ ಸ್ಪ್ರಾಕೆಟ್ ತಿರುಗುವ ರಭಸಕ್ಕೆ ಎಣ್ಣೆ ತಾನೇ ಕೊಂಡಿಗಳೊಳಗೆ ಹೋಗುತ್ತದೆ. ನಾನು ಚೈನ್ ಕವರಿನ ಪಕ್ಕಕ್ಕೆ, ಎರಡು ಚೈನಿನ ನಡುವೆ ತೂತು ಹೊಡೆದು ಪೈಪ್ ತೂರಿಸಿದೆ. ಪೈಪು ಮೆತ್ತಗಿರುವುದರಿಂದ ತಂತಿಯ ಆಸರೆ ಬೇಕೇ ಬೇಕು; ಚೈನಿಗೆ ಸಿಕ್ಕಿದರೆ ಕೆಲಸ ಕೆಟ್ಟಿತು. ಇಂಜಿನ್ ಬಂದ್ ಇಟ್ಟು, ಚಕ್ರವನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ ನೋಡಿ.

ನಿಮಿಷಕ್ಕೆ ಒಂದು ಹನಿ ಸಾಕು. ನಮ್ಮ ಹನಿ ನೀರಾವರಿಯ ಲೆಕ್ಕವೇ ಇಲ್ಲೂ: ಸ್ವಲ್ಪ ಸ್ವಲ್ಪ, ಆದರೆ ಬಿಡದೆ. ಜಾಸ್ತಿಯಾದರೆ ಧೂಳು ಕೂಡಿ ಅರೆಯುವ ಕೆಸರಾಗುತ್ತದೆ. ಬಿಸಿಲೇರಿದಾಗ ಎಣ್ಣೆ ತೆಳುವಾಗಿ ಹನಿ ಹೆಚ್ಚುತ್ತದೆ, ಮಧ್ಯಾಹ್ನ ಗಾಲಿ ಸ್ವಲ್ಪ ಬಿಗಿ ಮಾಡಿ.

ನನ್ನ ತಪ್ಪನ್ನೂ ಹೇಳಬೇಕು. ಒಂದು ರಾತ್ರಿ ಗಾಲಿ ಮುಚ್ಚಲು ಮರೆತೆ. ಬೆಳಿಗ್ಗೆ ಬಾಟಲಿ ಖಾಲಿ, ಹಿಂದಿನ ಟೈರೆಲ್ಲ ಎಣ್ಣೆ. ನೋಡದೆ ಹೊರಟಿದ್ದರೆ ಮೊದಲ ತಿರುವಿನಲ್ಲೇ ಬೀಳುತ್ತಿದ್ದೆ. ಸೋಪಿನ ನೀರಿನಲ್ಲಿ ಟೈರು ತೊಳೆದು, ಒಣಗಿದ ಮೇಲೇ ಹತ್ತಿದೆ. ಈಗ ಕೀಲಿ ತೆಗೆಯುವ ಮೊದಲು ಕೈ ಗಾಲಿಗೆ ಹೋಗುತ್ತದೆ.

ಎಣ್ಣೆ ಬಿಟ್ಟು ನನಗೆ ತಗುಲಿದ್ದು ನೂರು ರೂಪಾಯಿಯೊಳಗೆ. ಎಣ್ಣೆಗೆ ಪೈಪು ಗಡುಸಾಗುತ್ತದೆ, ವರ್ಷಕ್ಕೊಮ್ಮೆ ಸೆಟ್ ಬದಲಿಸಿ. ಚೈನು ತಿಂಗಳಿಗೊಮ್ಮೆ ಒರೆಸುವುದು ಇದ್ದೇ ಇದೆ.

ವಿದೇಶದಲ್ಲಿ ಇಂಜಿನ್ ಎಳೆಯುವ ಗಾಳಿಯಿಂದಲೇ ತೆರೆದು ಮುಚ್ಚುವ ಆಯಿಲರ್‌ಗಳಿವೆ. ನಮ್ಮ ಡ್ರಿಪ್ಪಿಗೂ ಹಾಗೆ ತಾನೇ ಮುಚ್ಚುವ ಸುಲಭ ದಾರಿ ಯಾರಾದರೂ ಕಂಡುಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ನನ್ನ ಮರೆವಿಗೆ ಅದೇ ಮದ್ದು.