ಸ್ತನದ ಶಸ್ತ್ರಚಿಕಿತ್ಸೆಯ ನಂತರ ವ್ಯಾಯಾಮ: ರಜೆಯ ಲೆಕ್ಕ, ದೇಹದ ಲೆಕ್ಕ



ಮಹಿಳಾ ಆರೋಗ್ಯ ಗೋಷ್ಠಿಗೆ ಡಾಕ್ಟರ್ ಬದಲು ಲೆಕ್ಕ ಬರೆಯುವವಳನ್ನು ಯಾಕೆ ಕರೆದರು ಎಂದು ಬೆಳಿಗ್ಗೆಯಿಂದ ಮೂರು ಜನ ಕೇಳಿದ್ದೀರಿ. ಆಶ್‌ಬರ್ನ್‌ನಲ್ಲಿ ನನ್ನ ಹತ್ತಿರ ಟ್ಯಾಕ್ಸ್ ಕಾಗದ ತರುವವರು ಆಸ್ಪತ್ರೆ ಬಿಲ್ಲನ್ನೂ ತರುತ್ತಾರೆ. ಕೆಲವರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳುತ್ತಾರೆ: "ಮೇಡಂ, ಊರಿಗೆ ಹೋದಾಗ ಬ್ರೆಸ್ಟ್ ಇಂಪ್ಲಾಂಟ್ ಮಾಡಿಸಿದೆ. ಮೆಡಿಕಲ್ ಖರ್ಚಿಗೆ ತೋರಿಸಬಹುದಾ?" ಅಂದಕ್ಕಾಗಿ ಮಾಡಿಸಿದ್ದರೆ ಆಗುವುದಿಲ್ಲ. ಎಚ್‌ಎಸ್‌ಎ ದುಡ್ಡನ್ನು ತೆರಿಗೆಯಿಲ್ಲದೆ ಅದಕ್ಕೆ ಬಳಸುವಂತೆಯೂ ಇಲ್ಲ. (1994ರಲ್ಲಿ ಇಂಡಿಯಾನಾದ ಒಬ್ಬ ನರ್ತಕಿಗೆ ಟ್ಯಾಕ್ಸ್ ಕೋರ್ಟ್ ಅದನ್ನು ವೃತ್ತಿಯ ಸಾಧನವೆಂದು ಒಪ್ಪಿ ಸವಕಳಿ ಕೊಟ್ಟಿತು. ನಾವು ಐಟಿಯವರು ಆ ದಾರಿ ಹಿಡಿಯುವುದು ಬೇಡ.)

ಇದಾದ ಮೇಲೆ ಎರಡನೆಯ ಪ್ರಶ್ನೆ ಬರುತ್ತದೆ: "ಜಿಮ್‌ಗೆ ಯಾವಾಗ ಹೋಗಬಹುದು?" ಆಪರೇಷನ್ ಆಗಿರುವುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಸರ್ಜನ್ ಇರುವುದು ಬೆಂಗಳೂರಿನಲ್ಲಿ. ಅದಕ್ಕೇ ಟ್ಯಾಕ್ಸ್‌ನವಳನ್ನು ಕೇಳುತ್ತಾರೆ. ಹಾಗಾಗಿ ಇದನ್ನು ನಾನೂ ಓದಿ, ತಿಳಿದವರನ್ನು ಕೇಳಿ ಅರಿತುಕೊಳ್ಳಬೇಕಾಯಿತು. ನನ್ನ ಮಾತಿಗೂ ನಿಮ್ಮ ಸರ್ಜನ್ ಮಾತಿಗೂ ವ್ಯತ್ಯಾಸ ಬಂದರೆ ಸರ್ಜನ್ ಹೇಳಿದ್ದೇ ಸರಿ.

ಒಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು ಹೇಳುತ್ತೇನೆ. ಮೂರು ವಾರದ ರಜೆ. ನಾಲ್ಕನೆಯ ದಿನ ಆಪರೇಷನ್, ಇಪ್ಪತ್ತನೆಯ ದಿನ ವಾಪಸ್ ವಿಮಾನ. ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ 23 ಕಿಲೋದ ಎರಡು ಸೂಟ್‌ಕೇಸ್. ಡಲ್ಲೆಸ್‌ನಲ್ಲಿ ಬೆಲ್ಟ್ ಮೇಲಿಂದ ಎರಡನ್ನೂ ತಾನೇ ಎತ್ತಿಕೊಂಡರು. ಬೇರೆಯವರನ್ನು ಕರೆದರೆ ಕಾರಣ ಹೇಳಬೇಕಲ್ಲ! ರಾತ್ರಿಯೊಳಗೆ ಒಂದು ಕಡೆ ಊದಿಕೊಂಡಿತು. ಒಳಗೆ ರಕ್ತ ಕಟ್ಟಿತ್ತು, ಎಮರ್ಜೆನ್ಸಿಗೆ ಹೋಗಿ ಮತ್ತೆ ಆಪರೇಷನ್ ಆಯಿತು. ಊರಿನಲ್ಲಿ ಉಳಿಸಿದ ದುಡ್ಡು ಇಲ್ಲಿ ಒಂದೇ ವಾರದಲ್ಲಿ ಹೋಯಿತು.

ಯಾಕೆ ಹೀಗಾಗುತ್ತದೆ? ಇಂಪ್ಲಾಂಟನ್ನು ಎದೆಯ ದೊಡ್ಡ ಸ್ನಾಯುವಿನ ಮೇಲೆ ಇಡಬಹುದು, ಇಲ್ಲವೇ ಅದರ ಅಡಿಯಲ್ಲಿ ಇಡಬಹುದು. ಅಡಿಯಲ್ಲಿ ಇಡುವಾಗ ಸ್ನಾಯುವಿನ ಕೆಳಗಿನ ಹಿಡಿತವನ್ನು ಸಾಮಾನ್ಯವಾಗಿ ಸ್ವಲ್ಪ ಬಿಡಿಸುತ್ತಾರೆ. ಬಾಗಿಲು ತಳ್ಳುವುದು, ಕುಕ್ಕರ್ ಎತ್ತುವುದು, ಚಪಾತಿ ಹಿಟ್ಟು ನಾದುವುದು, ಎಲ್ಲಕ್ಕೂ ಬೇಕಾದದ್ದು ಇದೇ ಸ್ನಾಯು. ಕತ್ತರಿಸಿದ ಸಣ್ಣ ರಕ್ತನಾಳಗಳು ಮುಚ್ಚಿಕೊಂಡಿರುತ್ತವೆಯೇ ಹೊರತು ಗಟ್ಟಿಯಾಗಿ ಮಾಗಿರುವುದಿಲ್ಲ. ಎದೆಬಡಿತ, ರಕ್ತದೊತ್ತಡ ಏಕಾಏಕಿ ಏರಿದರೆ ಮತ್ತೆ ತೆರೆದುಕೊಳ್ಳಬಹುದು. ಇಂಪ್ಲಾಂಟ್ ಸುತ್ತ ದೇಹವೇ ಒಂದು ಪೊರೆ ಕಟ್ಟಿಕೊಳ್ಳುತ್ತದೆ, ಅದಕ್ಕೂ ವಾರಗಟ್ಟಲೆ ಬೇಕು. ಅಷ್ಟರೊಳಗೆ ಹೆಚ್ಚು ಭಾರ ಬಿದ್ದರೆ ಇಂಪ್ಲಾಂಟ್ ಜಾಗ ಬಿಟ್ಟು ಸರಿಯಬಹುದು. ಮೇಲಿನ ಗಾಯ ಎರಡು ವಾರದಲ್ಲಿ ಒಣಗಿದಂತೆ ಕಾಣುತ್ತದೆ. ಮೋಸ ಹೋಗುವುದೇ ಅಲ್ಲಿ. ನೋವಿನ ಮಾತ್ರೆ ನುಂಗಿ ನೋವಿಲ್ಲ ಎಂದುಕೊಳ್ಳುವುದು ಇನ್ನೊಂದು ಮೋಸ.

ಹಾಗೆಂದು ಮಲಗಿಯೇ ಇರಬೇಡಿ. ಮೊದಲ ದಿನದಿಂದಲೇ ಮನೆಯೊಳಗೆ ಆಗಾಗ ನಡೆಯಬೇಕು. ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ಮೊದಲ ಎರಡು ವಾರಕ್ಕೆ ನಡಿಗೆಯೇ ವ್ಯಾಯಾಮ. ನಮ್ಮೂರಿನ ಡಬ್ಲ್ಯು ಆ್ಯಂಡ್ ಒಡಿ ಟ್ರೇಲ್ ಹಳೆಯ ರೈಲು ದಾರಿ, ಅಂಥ ಏರಿಲ್ಲ, ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೂರನೆಯ ವಾರದ ಹೊತ್ತಿಗೆ ಸರ್ಜನ್ ಒಪ್ಪಿದರೆ ನಿಂತ ಸೈಕಲ್, ಕಾಲಿನ ಹಗುರ ವ್ಯಾಯಾಮ. ಓಟ, ಜಿಗಿತ, ಭಾರ ಎತ್ತುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದ ನಂತರ, ಅದೂ ಗಟ್ಟಿ ಆಸರೆ ಕೊಡುವ ಬ್ರಾ ಹಾಕಿಕೊಂಡು. ಪುಶ್‌ಅಪ್, ಬೆಂಚ್ ಪ್ರೆಸ್ ಕೊನೆಗೆ. ಸ್ನಾಯುವಿನ ಅಡಿಯಲ್ಲಿ ಇಂಪ್ಲಾಂಟ್ ಇದ್ದವರಿಗೆ ಇದು ಇನ್ನೂ ತಡ.

ಇಲ್ಲಿ ನಮ್ಮವರು ಎಡವುವುದು ಯೋಗದಲ್ಲಿ. "ಜಿಮ್ ಬಿಟ್ಟಿದ್ದೇನೆ, ಬರೀ ಸೂರ್ಯನಮಸ್ಕಾರ" ಎನ್ನುತ್ತಾರೆ. ಸೂರ್ಯನಮಸ್ಕಾರ ಎಂದರೆ ಅಷ್ಟಾಂಗ ನಮಸ್ಕಾರದಲ್ಲಿ ಪುಶ್‌ಅಪ್, ಭುಜಂಗಾಸನದಲ್ಲಿ ಎದೆಯನ್ನು ಪೂರ್ತಿ ಹಿಗ್ಗಿಸುವುದು. ಅದು ಜಿಮ್ ಸಾಲಿಗೇ ಸೇರಿದ್ದು. ಥ್ರೋಬಾಲ್ ಕೂಡ ಹಾಗೆಯೇ. ಕೈ ತಲೆಯ ಮೇಲೆ ಎತ್ತಿ ಬೀಸುವ ಆಟ ಅದು. ಮನೆಗೆಲಸವನ್ನಂತೂ ಯಾರೂ ವ್ಯಾಯಾಮ ಎಂದು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಒಂದು ಗ್ಯಾಲನ್ ಹಾಲಿನ ಕ್ಯಾನ್ ಸುಮಾರು ನಾಲ್ಕು ಕಿಲೋ, ಸೋನಾ ಮಸೂರಿ ಮೂಟೆ ಒಂಬತ್ತು ಕಿಲೋ, ಕಾರ್ ಸೀಟಿನ ಮಗು ಅದಕ್ಕಿಂತ ಭಾರ. ಮೊದಲ ವಾರಗಳಲ್ಲಿ ಹಾಲಿನ ಕ್ಯಾನೇ ಹೆಚ್ಚು. ಅತ್ತೆಯವರಿಗೆ ಕಾರಣ ಹೇಳಲಾಗದಿದ್ದರೆ "ಡಾಕ್ಟರು ಆರು ವಾರ ಭಾರ ಎತ್ತಬೇಡ ಅಂದಿದ್ದಾರೆ" ಎಂದಷ್ಟೇ ಹೇಳಿ. ಅದು ಸುಳ್ಳಲ್ಲ. ಗಂಡನಿಗಾದರೂ ಪೂರ್ತಿ ಗೊತ್ತಿರಲಿ. ರಾತ್ರಿ ಆಸ್ಪತ್ರೆಗೆ ಕರೆದೊಯ್ಯಲು ಒಬ್ಬರು ಬೇಕು.

ಒಂದು ಕಡೆ ಮಾತ್ರ ಊದಿ ಬಿಗಿಯಾದರೆ, ಕೆಂಪಾಗಿ ಜ್ವರ ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ. ಮೀನಖಂಡ ಊದಿ ನೋಯುತ್ತಿದ್ದರೂ ತಡ ಮಾಡಬೇಡಿ. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ನೇರ 911.

ಊರಿನಲ್ಲೇ ಮಾಡಿಸುವುದಾದರೆ: ಎದೆಯ ಶಸ್ತ್ರಚಿಕಿತ್ಸೆಯಾಗಿ ಕನಿಷ್ಠ 10 ದಿನ ವಿಮಾನ ಹತ್ತಬೇಡಿ ಎಂದು ಅಮೆರಿಕದ ಸಿಡಿಸಿ ಹೇಳುತ್ತದೆ. ಹತ್ತು ದಿನವಾದ ಮೇಲೆ ಸೂಟ್‌ಕೇಸ್ ಎತ್ತಬಹುದು ಎಂದು ಅದರರ್ಥವಲ್ಲ. ವೀಲ್‌ಚೇರ್ ನೆರವು ಕೇಳಿ, ಕಾರಣ ಯಾರೂ ಕೇಳುವುದಿಲ್ಲ. ಆಪರೇಷನ್ನಿನ ಕಾಗದ, ಇಂಪ್ಲಾಂಟ್ ಕಾರ್ಡ್ ಕೈಚೀಲದಲ್ಲಿರಲಿ. ಇಲ್ಲಿ ನೋಡುವ ಡಾಕ್ಟರನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಳ್ಳಿ.

ಸ್ತನ ಕ್ಯಾನ್ಸರಿನ ನಂತರ ಇಂಪ್ಲಾಂಟ್ ಹಾಕಿಸಿಕೊಂಡವರ ಲೆಕ್ಕವೇ ಬೇರೆ. ಅವರಲ್ಲಿ ನಾನು ಹೆಚ್ಚಾಗಿ ನೋಡಿದ್ದು ಅತಿಯಾದ ಭಯ. ಕೈ ಎತ್ತದೆ ಎತ್ತದೆ ಭುಜವೇ ಬಿಗಿದುಹೋಗುತ್ತದೆ. ಮೊದಲು ಕೈ ಊದಿಕೊಳ್ಳುತ್ತದೆ ಎಂದು ಭಾರ ಎತ್ತಲು ಬಿಡುತ್ತಿರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಥರಿನ್ ಶ್ಮಿಟ್ಜ್ ತಂಡ 2009ರಲ್ಲಿ, ಆಗಲೇ ಕೈ ಊತವಿದ್ದ 141 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸಿದವರಲ್ಲಿ ಊತ ಹೆಚ್ಚಲಿಲ್ಲ, ಅದು ಕೆರಳುವುದೂ ಕಡಿಮೆಯಾಯಿತು. ಆದ್ದರಿಂದ ಫಿಸಿಯೋಥೆರಪಿ ಕೇಳಿ ಪಡೆಯಿರಿ. ಸ್ತನ ತೆಗೆಯುವುದಕ್ಕೆ ದುಡ್ಡು ಕೊಡುವ ವಿಮೆ ಮರುರಚನೆಗೂ, ಇನ್ನೊಂದು ಸ್ತನವನ್ನು ಸಮ ಮಾಡುವುದಕ್ಕೂ, ಕೈ ಊತದ ಚಿಕಿತ್ಸೆಗೂ ಕೊಡಬೇಕೆಂದು 1998ರ ಕಾಯಿದೆ ಹೇಳುತ್ತದೆ. ಈ ಮರುರಚನೆಯ ಖರ್ಚನ್ನು ಮೆಡಿಕಲ್ ಖರ್ಚಿನಲ್ಲಿ ತೋರಿಸಬಹುದು.

ರಜೆಯಲ್ಲೂ ಇದೇ ಭೇದ. ಎಫ್‌ಎಮ್‌ಎಲ್‌ಎ ಅಡಿಯಲ್ಲಿ ಅರ್ಹರಿಗೆ ಸಂಬಳವಿಲ್ಲದ 12 ವಾರ ಸಿಗುತ್ತದೆ, ಎಚ್-1ಬಿಯವರಿಗೂ. ಕ್ಯಾನ್ಸರ್ ನಂತರದ ಮರುರಚನೆಗೆ ಅದು ಅನ್ವಯಿಸುತ್ತದೆ. ಅಂದಕ್ಕಾಗಿ ಮಾಡಿಸಿದ್ದಕ್ಕೆ, ಆಸ್ಪತ್ರೆಯಲ್ಲಿ ಉಳಿಯಬೇಕಾಗದಿದ್ದರೆ ಅಥವಾ ತೊಡಕಾಗದಿದ್ದರೆ, ಇಲ್ಲ. ಹಾಗಾಗಿ ನಿಮ್ಮ ಸ್ವಂತ ರಜೆ ಎಷ್ಟಿದೆ ಎಂದು ಮೊದಲು ಎಣಿಸಿ, ಆಮೇಲೆ ದಿನ ಗೊತ್ತು ಮಾಡಿ.

ಊಟದ ಹೊತ್ತಿಗೆ ಹೊರಗಿನ ಮೇಜಿನ ಹತ್ತಿರ ಇರುತ್ತೇನೆ. ಎಲ್ಲರೆದುರು ಕೇಳಲಾಗದ್ದನ್ನು ಅಲ್ಲಿ ಕೇಳಿ.