ಪಿಕಪ್ ವಾಹನಕ್ಕೆ ವೀಲ್ ಸ್ಪೇಸರ್: ಸುರಕ್ಷತೆ, ಕಾನೂನು ಮತ್ತು ಲೆಕ್ಕಾಚಾರ

ಇಂಡಿಯ ನಿಂಬೆ, ಸಿಂದಗಿಯ ಹತ್ತಿ, ಮುದ್ದೇಬಿಹಾಳದ ತೊಗರಿ, ಬಸವನ ಬಾಗೇವಾಡಿಯ ಉಳ್ಳಾಗಡ್ಡಿ ಮಾರುಕಟ್ಟೆ ತಲುಪುವಲ್ಲಿ ಪಿಕಪ್ ವಾಹನದ ಪಾತ್ರ ಹಿರಿದು. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಯಲ್ಲಿ ಎತ್ತರಕ್ಕೆ ಹೇರಿದ ಸರಕು ವಾಲುವುದುಂಟು. ಆಗ ಚಕ್ರ ಮತ್ತು ಹಬ್ ನಡುವೆ ಲೋಹದ ಬಿಲ್ಲೆ, ಅಂದರೆ ವೀಲ್ ಸ್ಪೇಸರ್ ಹಾಕಿಸಿ ಚಕ್ರಗಳ ಅಂತರ ಹೆಚ್ಚಿಸುವ ಆಲೋಚನೆ ಮಾಲೀಕರಲ್ಲಿ ಸಹಜವಾಗಿ ಮೂಡುತ್ತದೆ. ಹಣ ತೆರುವ ಮುನ್ನ ಇದರ ಸಾಧಕ ಬಾಧಕಗಳನ್ನು ಅರಿಯುವುದು ಒಳಿತು.

ಭಾರದ ಲೆಕ್ಕ

ಸ್ಪೇಸರ್‌ನಿಂದ ವಾಹನದ ಭಾರ ಹೊರುವ ಸಾಮರ್ಥ್ಯ ಹೆಚ್ಚುವುದಿಲ್ಲ. ಬದಲಾಗಿ ಬೇರಿಂಗ್ ಮತ್ತು ಸ್ಟಡ್‌ಗಳ ಮೇಲಿನ ಒತ್ತಡ ಏರುತ್ತದೆ. ಹಿಂದಿನ ಒಂದು ಚಕ್ರದ ಮೇಲೆ 900 ಕಿ.ಗ್ರಾಂ. ಭಾರವಿದ್ದು, ಚಕ್ರವು 30 ಮಿ.ಮೀ. ಹೊರಕ್ಕೆ ಸರಿದರೆ, 27 ಕಿಲೋಗ್ರಾಂ-ಮೀಟರ್‌ನಷ್ಟು ಹೆಚ್ಚುವರಿ ಬಾಗುಬಲ ಉಂಟಾಗುತ್ತದೆ. ಗುಂಡಿಗೆ ಬಿದ್ದಾಗ ಇದು ಇನ್ನಷ್ಟು ಹೆಚ್ಚು. ಮುಂಚಕ್ರಗಳಿಗೆ ಹಾಕಿದರೆ ಸ್ಟೀರಿಂಗ್‌ನ ಹತೋಟಿಯೂ ವ್ಯತ್ಯಾಸಗೊಳ್ಳುತ್ತದೆ.

ಕಾನೂನಿನ ನಿಲುವು

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನನ್ವಯ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಆದ್ದರಿಂದ ತಯಾರಕರ ಲಿಖಿತ ಒಪ್ಪಿಗೆ ಹಾಗೂ ಪ್ರಾದೇಶಿಕ ಸಾರಿಗೆ ಕಚೇರಿಯ ಅಭಿಪ್ರಾಯ ಪಡೆಯದೆ ಮುಂದುವರಿಯಬಾರದು.

ಒಪ್ಪಿಗೆ ದೊರೆತಲ್ಲಿ ಗಮನಿಸಬೇಕಾದ ಅಂಶಗಳು

1. ಸ್ಪೇಸರ್ ಹಬ್‌ನ ಮಧ್ಯಭಾಗಕ್ಕೆ ಸರಿಯಾಗಿ ಕೂರಬೇಕು; ಭಾರವನ್ನು ಸ್ಟಡ್‌ಗಳ ಮೇಲಷ್ಟೇ ಬಿಡಬಾರದು.
2. ನಟ್ ಹಿಡಿಯುವ ಮರೆಯ ಉದ್ದ ಸ್ಟಡ್‌ನ ವ್ಯಾಸಕ್ಕಿಂತ ಕಡಿಮೆಯಿರಬಾರದು: 12 ಮಿ.ಮೀ. ಸ್ಟಡ್‌ಗೆ ಕನಿಷ್ಠ 12 ಮಿ.ಮೀ.
3. ಒಂದರ ಮೇಲೊಂದು ಸ್ಪೇಸರ್ ಜೋಡಿಸಬಾರದು. ಒಂದೇ ಆಕ್ಸಲ್‌ನ ಎರಡೂ ಬದಿಗೆ ಸಮದಪ್ಪದವು ಇರಬೇಕು.
4. ಕೂಡುವ ಮೇಲ್ಮೈಗಳಲ್ಲಿ ತುಕ್ಕು, ಬಣ್ಣ, ಮಣ್ಣು ಇರಕೂಡದು.
5. ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ನಿಗದಿತ ಪ್ರಮಾಣಕ್ಕೆ ಬಿಗಿದು, ಮೊದಲ 100 ಕಿ.ಮೀ.ಯೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕು.

ವ್ಯಾಪಾರದ ದೃಷ್ಟಿ

ವಿಮಾ ಸಂಸ್ಥೆಗೆ ತಿಳಿಸದೆ ಮಾಡಿದ ಮಾರ್ಪಾಡು ಅಪಘಾತದ ಸಂದರ್ಭದಲ್ಲಿ ಪರಿಹಾರದ ಕೋರಿಕೆಗೆ ತೊಡಕಾಗಬಲ್ಲದು. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯವಹಾರದ ವೆಚ್ಚವೆಂದು ಕಳೆಯಲೂ ಬರುವುದಿಲ್ಲ. ಚಕ್ರ ಕಳಚಿದರೆ ಚಾಲಕನ ಹಾಗೂ ದಾರಿಹೋಕರ ಜೀವಕ್ಕೇ ಅಪಾಯ. ಆ ನಷ್ಟವನ್ನು ಯಾವ ಖಾತೆಯೂ ತುಂಬಿಕೊಡಲಾರದು.

ವಾಲುವಿಕೆಗೆ ಅಗ್ಗದ ಪರಿಹಾರಗಳಿವೆ. ಭಾರವಾದ ಚೀಲಗಳನ್ನು ಕೆಳಗೆ, ಹಗುರವಾದವನ್ನು ಮೇಲೆ ಹೇರುವುದು, ನೋಂದಣಿ ಪತ್ರದ ಮಿತಿಯನ್ನು ಮೀರದಿರುವುದು, ಬ್ಲೇಡ್ ಸ್ಪ್ರಿಂಗ್ ಮತ್ತು ಟೈರಿನ ಗಾಳಿಯನ್ನು ಸುಸ್ಥಿತಿಯಲ್ಲಿಡುವುದು. ಬಹುಪಾಲು ಮಾಲೀಕರಿಗೆ ಇಷ್ಟೇ ಸಾಕಾಗುತ್ತದೆ.